ಮೆಸಯೀದ್ ರಸ್ತೆಯಲ್ಲಿ ಕೈರೋ–ನೈರೋಬಿ ಜಗಳ

ಗಲ್ಫಿನಲ್ಲಿ ಯಾರೂ ತಾವಿರುವ ಊರಿನಲ್ಲಿ ಪೂರ್ತಿ ಇರುವುದಿಲ್ಲ. ಕಾಲು ಒಂದು ಕಡೆ, ಬಾಯಿ ಇನ್ನೊಂದು ಕಡೆ. ಹಾಗಾಗಿ ಇಂಥ ಪ್ರಸಂಗಗಳು ಅಲ್ಲಿ ದಿನಾ ನಡೆಯುತ್ತವೆ, ಎಣಿಸಲು ಹೋದವನೇ ಸುಸ್ತಾಗುತ್ತಾನೆ.

ತೊಂಬತ್ತರ ದಶಕದಲ್ಲಿ ನಾನು ದೋಹಾ ಅಲ್ ಜದೀದಾ ಬಡಾವಣೆಯ ಒಂದು ಇಂಜಿನಿಯರಿಂಗ್ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಮೆಸಯೀದಿನಲ್ಲಿ ಕಾರ್ಖಾನೆಯವರಿಗೆ ಹೊಸ ಕಾಲನಿ ಏಳುತ್ತಿತ್ತು. ಅದರ ರಸ್ತೆ, ಚರಂಡಿ ನಮ್ಮ ಪಾಲಿಗೆ ಬಂದಿತ್ತು. ವಾರಕ್ಕೆ ನಾಲ್ಕು ದಿನ ಸೈಟಿಗೆ ಹೋಗಬೇಕು. ಮುಕ್ಕಾಲು ಗಂಟೆಯ ದಾರಿ, ಎರಡೂ ಕಡೆ ಮರಳು, ನೋಡಲು ಏನೂ ಇಲ್ಲ. ಕಾರಿನಲ್ಲಿ ನಾವು ನಾಲ್ವರು. ಓಡಿಸುವವರು ಉಳ್ಳಾಲದ ಕಾಕ. ಹಿಂದಿನ ಸೀಟಿನಲ್ಲಿ ಕೈರೋದ ಇಂಜಿನಿಯರ್ ಮತ್ತು ನೈರೋಬಿಯ ಸರ್ವೇಯರ್. ಮುಂದೆ ನಾನು.

ನಮ್ಮೆಲ್ಲರ ಕಾಂಟ್ರಾಕ್ಟೂ ಆರಾರು ತಿಂಗಳಿನದು. ಮುಂದಿನ ಆರು ತಿಂಗಳು ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ್ದರಿಂದ ಯಾರೂ ಕಪಾಟು ಕೊಂಡಿರಲಿಲ್ಲ, ಬಟ್ಟೆಯೆಲ್ಲ ಸೂಟ್‌ಕೇಸಿನಲ್ಲೇ. ಕೂತಲ್ಲಿ ಕೂರಲಾಗದ ಆ ಚಡಪಡಿಕೆಗೆ ನಾನು ಉಗುರು ಕಚ್ಚುತ್ತಿದ್ದೆ. ಅವರಿಬ್ಬರು ಜಗಳವಾಡುತ್ತಿದ್ದರು.

ನೆಲದೊಳಗಿನ ರೈಲು

ಜಗಳ ಶುರುವಾದದ್ದು ಮೊದಲ ವಾರದಲ್ಲೇ. ಕೈರೋದವರು ತಮ್ಮ ಊರಿನಲ್ಲಿ ನೆಲದೊಳಗೆ ರೈಲು ಓಡುತ್ತದೆ, ಇಡೀ ಆಫ್ರಿಕಾದಲ್ಲಿ ಅಂಥದ್ದು ಮೊದಲು ಬಂದದ್ದು ತಮಗೇ ಎಂದರು. ನೈರೋಬಿಯವರು ಕಿಟಕಿಯ ಹೊರಗೆ ನೋಡುತ್ತಲೇ, ತಮ್ಮ ಊರಿನ ಹವೆ ತುಂಬಾ ಚೆನ್ನಾಗಿದೆ, ಹಾಗಾಗಿ ಜನ ನೆಲದೊಳಗೆ ಹೋಗಿ ಬಚ್ಚಿಟ್ಟುಕೊಳ್ಳುವ ಅಗತ್ಯ ಬಂದಿಲ್ಲ ಎಂದರು. ಕೈರೋದವರು ಫ್ಲೈಓವರಿನ ಮಾತು ತೆಗೆದರು. ನೈರೋಬಿಯವರು ತಮ್ಮೂರ ದುಂಡನೆಯ ಎತ್ತರದ ಕಟ್ಟಡ ತೆಗೆದರು. ಅರ್ಧ ದಾರಿಯಲ್ಲಿ ಇಬ್ಬರೂ ಸೇರಿ ಹಿಂದಿನಿಂದ ನನ್ನ ಹೆಗಲು ತಟ್ಟಿ, ನೀನು ಹೊರಗಿನವನು, ತೀರ್ಪು ಕೊಡು ಎಂದರು.

ಕಾಕನಿಗೆ ಇಂಗ್ಲಿಷು ಅಲ್ಪಸ್ವಲ್ಪ ಅರ್ಥವಾಗುತ್ತಿತ್ತು. ಏನಂತೆ ಎಂದು ನನ್ನನ್ನು ಕೇಳಿದರು. ಅವರ ಊರಲ್ಲಿ ರೈಲು ನೆಲದೊಳಗೆ ಹೋಗುತ್ತದಂತೆ ಎಂದೆ.

ಕಾಕ ಗೇರು ಬದಲಿಸಿದರು. "ಅದೆಂಥ ದೊಡ್ಡ ಸಂಗತಿ ಮಾರಾಯ್ರೆ," ಎಂದರು. "ನಮ್ಮಲ್ಲಿ ಜೂನ್ ತಿಂಗಳು ಬಂದ್ರೆ ಬಸ್ಸೇ ನೆಲದೊಳಗೆ ಹೋಗ್ತದೆ."

ಎಕ್ಸ್‌ಪ್ರೆಸ್

ಇನ್ನೊಂದು ದಿನ ನೈರೋಬಿಯವರು ನನ್ನ ಊರಿನ ಬಗ್ಗೆ ಕೇಳಿದರು. ನನ್ನದು ಕಾಪು. ಅಲ್ಲಿ ಮೆಟ್ರೋ ಇಲ್ಲ, ಫ್ಲೈಓವರೂ ಇಲ್ಲ. ಮರ್ಯಾದೆ ಉಳಿಸಿಕೊಳ್ಳಲು ನಾನು ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸುಗಳ ಬಗ್ಗೆ ಹೇಳಿದೆ. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಸೀಟಿ ಊದುವುದು, ಹಿಂದಿನ ಬಸ್ಸಿಗೆ ಒಬ್ಬನೇ ಒಬ್ಬ ಪ್ಯಾಸೆಂಜರ್ ಸಿಗಬಾರದೆಂದು ಮುಂದಿನ ಬಸ್ಸು ಹಾರುವುದು, ಎಲ್ಲ ವರ್ಣಿಸಿದೆ.

ನೈರೋಬಿಯವರ ಮುಖ ಅರಳಿತು. ಇದು ನಮ್ಮೂರ ವ್ಯಾನುಗಳ ಕಥೆಯೇ, ಆದರೆ ನಮ್ಮಲ್ಲಿ ಜೋರಾಗಿ ಹಾಡೂ ಹಾಕುತ್ತಾರೆ ಎಂದರು. ಕೈರೋದವರು ಬಿಡಲಿಲ್ಲ. ತಮ್ಮೂರ ಮಿನಿಬಸ್ಸು ನಿಲ್ಲುವುದೇ ಇಲ್ಲ, ಓಡುತ್ತಿರುವಾಗಲೇ ಹತ್ತಬೇಕು, ಓಡುತ್ತಿರುವಾಗಲೇ ಇಳಿಯಬೇಕು ಎಂದರು. ಯಾರ ಡ್ರೈವರ್ ಹೆಚ್ಚು ಹುಚ್ಚ ಎನ್ನುವುದಕ್ಕೂ ಪೈಪೋಟಿ ಹತ್ತಿತು.

ನಾನು ಮರೆತದ್ದು ಒಂದೇ. ಕಾಕ ಗಲ್ಫಿಗೆ ಬರುವ ಮೊದಲು ಹನ್ನೊಂದು ವರ್ಷ ಅದೇ ರೂಟಿನಲ್ಲಿ ಎಕ್ಸ್‌ಪ್ರೆಸ್ ಬಸ್ಸು ಓಡಿಸಿದವರು. ಎಲ್ಲರೂ ಬಸ್ಸಿನ ಬಗ್ಗೆ ಮಾತಾಡುತ್ತಿದ್ದಾರೆ ಎಂದು ಅವರಿಗೆ ಅಷ್ಟು ಹೊತ್ತಿಗೆ ಅರ್ಥವಾಗಿತ್ತು. ಕನ್ನಡಿ ಸರಿಮಾಡಿಕೊಂಡರು, ಎರಡು ಸಲ ಹಾರ್ನ್ ಹೊಡೆದರು, ಆಮೇಲೆ ಆಕ್ಸಿಲರೇಟರ್ ಒತ್ತಿದರು. ಮುಂದಿದ್ದ ಎರಡು ಟ್ಯಾಂಕರುಗಳ ನಡುವಿನ ಸಂದಿಯಲ್ಲಿ ನಮ್ಮ ಕಾರು ಹೇಗೆ ಹೋಯಿತೋ ಇವತ್ತಿಗೂ ನನಗೆ ಗೊತ್ತಿಲ್ಲ, ಏಕೆಂದರೆ ನಾನು ಕಣ್ಣು ಮುಚ್ಚಿದ್ದೆ.

ಸೈಟಿನಲ್ಲಿ ಇಳಿದ ಮೇಲೆ ಕೈರೋದವರು ಕಾರಿನ ಬಾನೆಟ್ಟಿಗೆ ಕೈ ಊರಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ನಿಮ್ಮೂರಿಗೆ ಮೆಟ್ರೋ ಬೇಡ. ವಿಮಾನ ನಿಲ್ದಾಣದ ರನ್‌ವೇ ಸಾಕು."

ಗೋಡೆ

ಆಫೀಸಿನಲ್ಲಿ ಇಬ್ಬರ ಮೇಜಿನ ನಡುವೆ ಒಂದು ಖಾಲಿ ಗೋಡೆ ಇತ್ತು. ಒಂದು ಬೆಳಿಗ್ಗೆ ಅಲ್ಲಿ ನೈಲ್ ನದಿಯ ಸೇತುವೆಯ ಚಿತ್ರ ಬಂತು. ಮರುದಿನ ಪಕ್ಕದಲ್ಲೇ ನೈರೋಬಿಯ ಕ್ಯಾಲೆಂಡರಿನಿಂದ ಕತ್ತರಿಸಿದ ಅಗಲವಾದ ರಸ್ತೆ. ಊರಿಂದ ರಜೆ ಮುಗಿಸಿ ಬಂದವರ ಕೈಯಲ್ಲೆಲ್ಲ ಇಬ್ಬರೂ ಪೋಸ್ಟ್‌ಕಾರ್ಡು ತರಿಸಿದರು. ಎರಡು ತಿಂಗಳಲ್ಲಿ ಗೋಡೆಯ ಬಣ್ಣ ಯಾವುದೆಂದು ಯಾರಿಗೂ ನೆನಪಿರಲಿಲ್ಲ.

ಒಂದು ದಿನ ಅಲ್ ರಯ್ಯಾನಿನಿಂದ ಕ್ಲೈಂಟ್ ಒಬ್ಬರು ಬಂದರು. ಗಂಭೀರ ಮನುಷ್ಯ, ಮಾತು ಕಡಿಮೆ. ಅವರ ಹೊಸ ಮನೆಯ ಮುಂದಿನ ಚರಂಡಿಯ ಕೆಲಸ ನಮ್ಮಲ್ಲಿ ಸಿಕ್ಕಿಹಾಕಿಕೊಂಡಿತ್ತು. ನಮ್ಮ ಬೈರೂತಿನ ಮ್ಯಾನೇಜರ್ ಅವರಿಗೆ ಚಹಾ ಕೊಟ್ಟು ಆಫೀಸು ತೋರಿಸುತ್ತಿದ್ದರು. ಗೋಡೆಯ ಮುಂದೆ ಕ್ಲೈಂಟ್ ನಿಂತುಬಿಟ್ಟರು. ಸೇತುವೆ, ಫ್ಲೈಓವರ್, ಗೋಪುರ, ಒಂದೊಂದನ್ನೂ ನೋಡಿ, ಇವೆಲ್ಲ ನಿಮ್ಮ ಕೆಲಸವೇ ಎಂದು ಕೇಳಿದರು.

ಮ್ಯಾನೇಜರ್ ಹಿಂದೆ ಮುಂದೆ ನೋಡಲಿಲ್ಲ. "ನಮ್ಮ ಹುಡುಗರ ಊರಿನವು," ಎಂದರು. ಅದು ಸುಳ್ಳೂ ಅಲ್ಲ.

ಕ್ಲೈಂಟ್ ತಲೆಯಾಡಿಸಿದರು. ಇಷ್ಟು ಸೇತುವೆ ಕಟ್ಟಿದವರಿಗೆ ನನ್ನ ಮನೆ ಮುಂದಿನ ಹನ್ನೆರಡು ಮೀಟರ್ ಚರಂಡಿಗೆ ಏಳು ತಿಂಗಳು ಏಕೆ ಬೇಕಾಯಿತು ಎಂದು ಕೇಳಿ, ಚಹಾ ಮುಗಿಸದೆ ಹೊರಟುಹೋದರು.

ಚಿತ್ರಗಳು ಇವತ್ತು ಖಲಾಸ್ ಎಂದುಕೊಂಡೆವು. ಸಂಜೆ ಬಡಗಿ ಬಂದ. ಮ್ಯಾನೇಜರ್ ಎಲ್ಲದಕ್ಕೂ ಚೌಕಟ್ಟು ಹಾಕಿಸಿದರು.

ಜಕರಾಂಡಾ

ಕಾಲನಿಯ ನಡುವಿನ ರೌಂಡಬೌಟಿನ ನಕ್ಷೆ ನನ್ನ ಕೈಗೆ ಬಂದಾಗ ಇಬ್ಬರೂ ನನ್ನ ಮೇಜಿಗೆ ಅಂಟಿಕೊಂಡರು. ಕೈರೋದವರಿಗೆ ನಡುವೆ ಕಾರಂಜಿ ಬೇಕು. ನೈರೋಬಿಯವರಿಗೆ ಸುತ್ತಲೂ ಜಕರಾಂಡಾ ಮರ ಬೇಕು. ಹೂ ಬಿಟ್ಟರೆ ತಮ್ಮೂರ ಬೀದಿಯೆಲ್ಲ ನೇರಳೆ ಬಣ್ಣವಾಗುತ್ತದೆ ಎಂದು ಹೇಳುವಾಗ ಅವರ ದನಿ ಮೆತ್ತಗಾಯಿತು. ಮೆಸಯೀದಿನ ಉಪ್ಪು ಮಣ್ಣಿನಲ್ಲಿ ಯಾವ ಮರ ಬರುತ್ತದೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಶಾಂತಿ ಸಿಕ್ಕಿದರೆ ಸಾಕೆಂದು ನಡುವೆ ಕಾರಂಜಿ ಬರೆದೆ, ಸುತ್ತ ಇಪ್ಪತ್ತನಾಲ್ಕು ಸೊನ್ನೆ ಸುತ್ತಿ ಜಕರಾಂಡಾ ಎಂದು ಬರೆದೆ.

ನಕ್ಷೆ ಸೈಟಿಗೆ ಹೋಯಿತು. ಅಲ್ಲಿನ ಸ್ಟೋರ್‌ಕೀಪರ್ ಕಣ್ಣೂರಿನ ಮನುಷ್ಯ, ಕೆಲಸದಲ್ಲಿ ಬಹಳ ಶಿಸ್ತು. ಚರಂಡಿ ಮಾಡುವ ನಮ್ಮ ಆಫೀಸಿನ ನಕ್ಷೆಯಲ್ಲಿ ಸೊನ್ನೆ ಎಂದರೆ ಅವರಿಗೆ ಒಂದೇ ಅರ್ಥ, ಮ್ಯಾನ್‌ಹೋಲ್. ಮರುದಿನ ಆಫೀಸಿಗೆ ಸಾಮಾನಿನ ಪಟ್ಟಿ ಬಂತು: "ಜಕರಾಂಡಾ, ಇಪ್ಪತ್ತನಾಲ್ಕು, ಮುಚ್ಚಳ ಸಮೇತ." ಖರೀದಿ ವಿಭಾಗದವರು ಅದನ್ನು ನೋಡಿ, ಕಬ್ಬಿಣದ್ದೋ ಕಾಂಕ್ರೀಟಿನದ್ದೋ ಎಂದು ಬರೆದು ವಾಪಸು ಕಳಿಸಿದರು.

ಕಾಗದ ನೈರೋಬಿಯವರ ಮೇಜಿಗೆ ಬಂದಾಗ ಅವರು ಫೋನಿನಲ್ಲಿದ್ದರು. ಜಕರಾಂಡಾ ಎಂಬ ಒಂದೇ ಶಬ್ದ ಕಣ್ಣಿಗೆ ಬಿತ್ತೋ ಏನೋ, ಕೆಳಗೆ ಸಂತೋಷದಿಂದ "ನೇರಳೆ" ಎಂದು ಬರೆದು ಸಹಿ ಹಾಕಿದರು.

ವಾರ ಕಳೆದು ಸಪ್ಲೈಯರ್ ಉತ್ತರ ಕಳಿಸಿದ. ಮುಚ್ಚಳಗಳು ಸಿದ್ಧ ಇವೆ, ನೇರಳೆ ಪೇಂಟ್ ಒಣಗಲು ಮಾತ್ರ ಎರಡು ದಿನ ಬೇಕು.

ಫೋನು

ಯಾರ ಊರಿಗೆ ಫೋನ್ ಬೇಗ ತಾಗುತ್ತದೆ ಎನ್ನುವ ಜಗಳ ಒಂದು ಶುಕ್ರವಾರ ಬೂತಿನವರೆಗೂ ಹೋಯಿತು. ಗಡಿಯಾರ ಹಿಡಿದು ನಿಲ್ಲುವ ಕೆಲಸ ನನ್ನದು.

ಕೈರೋದವರದ್ದು ಎರಡನೇ ಸಲಕ್ಕೆ ತಾಗಿತು. ಗೆದ್ದ ಮುಖದಲ್ಲಿ ನಮ್ಮ ಕಡೆ ಹೆಬ್ಬೆರಳು ತೋರಿಸಿದರು. ಅವರ ತಾಯಿ ಎತ್ತಿದ್ದರು. ಅರೇಬಿಕ್‌ನಲ್ಲಿ ಮಾತು ಸಾಗಿತು. ಸ್ವಲ್ಪ ಹೊತ್ತಿನಲ್ಲಿ ಹೆಬ್ಬೆರಳು ಕೆಳಗಿಳಿಯಿತು, ದನಿಯೂ ಇಳಿಯಿತು. ಫೋನ್ ಇಟ್ಟು ಬಂದವರು, ಅಮ್ಮ ಹೊಸ ಸೇತುವೆ ನೋಡಲು ಹೋಗಿದ್ದಳಂತೆ ಎಂದರು.

ನೈರೋಬಿಯವರು ಗಲ್ಫಿಗೆ ಬಂದು ಬಹಳ ಕಾಲವಾಗಿತ್ತು. ಅವರಿಗೆ ಅರೇಬಿಕ್ ಬರುತ್ತದೆ ಎನ್ನುವುದು ಕೈರೋದವರಿಗೆ ಗೊತ್ತಿತ್ತು, ಆ ಗಳಿಗೆಯಲ್ಲಿ ಮರೆತಿದ್ದರು. ಮೂವರೂ ಚಹಾ ಕುಡಿಯಲು ಹೊರಟೆವು. ಚಹಾ ಅಂಗಡಿಯ ಹತ್ತಿರ ನೈರೋಬಿಯವರು ಮೆಲ್ಲಗೆ ಕೇಳಿದರು: "ಲಿಫ್ಟ್ ಕೆಟ್ಟು ಎಷ್ಟು ದಿನವಾಯಿತು?"

ಕೈರೋದವರು ನಿಂತರು. ಮನೆ ಎಂಟನೇ ಮಹಡಿಯಲ್ಲಿದೆ, ಒಂದು ತಿಂಗಳಿಂದ ಅಮ್ಮ ಕೆಳಗಿಳಿದೇ ಇಲ್ಲ, ತರಕಾರಿಗೆ ಬುಟ್ಟಿ ಇಳಿಬಿಡುತ್ತಾಳೆ ಎಂದರು. ಅವರ ಮುಖ ನೋಡಲಾಗಲಿಲ್ಲ. ನಾನು ಮೂರು ಚಹಾ ಹೇಳಿದೆ.

ನೈರೋಬಿಯವರು ಅವರ ಹೆಗಲ ಮೇಲೆ ಕೈ ಇಟ್ಟರು. ತಮ್ಮ ಮನೆಯ ಕಡೆಗೂ ಅಷ್ಟೇ, ವಾರಕ್ಕೆ ಎರಡೇ ದಿನ ನೀರು, ಹೆಂಡತಿ ಬಕೆಟ್ ಹಿಡಿದು ಸಾಲಿನಲ್ಲಿ ನಿಲ್ಲುತ್ತಾಳೆ ಎಂದರು.

ಕೈರೋದವರು ಕಣ್ಣೊರೆಸಿಕೊಂಡು ತಲೆ ಎತ್ತಿದರು. ಮುಖಕ್ಕೆ ಜೀವ ಬಂದಿತ್ತು. "ಎರಡೇ ದಿನವೇ?" ಎಂದರು. "ನಮಗೆ ಮೂರು."

ಎಂಟನೇ ಮಹಡಿ

ಕಾಲನಿಯ ಕೆಲಸ ಮುಗಿಯುತ್ತ ಬಂತು. ಇಬ್ಬರಲ್ಲಿ ಒಬ್ಬರನ್ನೇ ಇಟ್ಟುಕೊಳ್ಳಲಾಗುತ್ತದೆ ಎಂದು ಮ್ಯಾನೇಜರ್ ಹೇಳಿದರು. ಆ ಹದಿನೈದು ದಿನ ಕಾರಿನಲ್ಲಿ ಯಾರೂ ಜಗಳವಾಡಲಿಲ್ಲ. ಆ ಮೌನ ಕಾಕನಿಗೂ ತಡೆಯಲಾಗಲಿಲ್ಲ. ನೀವಾದರೂ ಎಂಥದಾದರೂ ಹೇಳಿ ಎಂದು ನನ್ನನ್ನು ಪೀಡಿಸಿದರು. ಈ ಸರ್ವೇಯರ್ ಇಲ್ಲದಿದ್ದರೆ ನನ್ನ ಒಂದು ಅಳತೆಯೂ ಸರಿಯಾಗದು ಎಂದು ಕೈರೋದವರು ಮ್ಯಾನೇಜರಿಗೆ ಹೇಳಿಬಂದರಂತೆ. ಪ್ರಯೋಜನವಾಗಲಿಲ್ಲ. ಹೋಗಬೇಕಾದವರು ನೈರೋಬಿಯವರೇ ಆದರು.

ಅವರಿಗೆ ಸಿಕ್ಕ ಟಿಕೆಟು ಕೈರೋ ಮೂಲಕ ಹೋಗುವಂಥದ್ದು, ನಡುವೆ ಒಂದು ಇಡೀ ದಿನ ಬಿಡುವು. ಇದು ತಿಳಿದದ್ದೇ ಕೈರೋದವರು ನಕ್ಷೆ ಬರೆಯಲು ಕೂತರು. ಎಲ್ಲಿ ಮೆಟ್ರೋ ಹತ್ತಬೇಕು, ಎಲ್ಲಿ ಇಳಿಯಬೇಕು, ಯಾವ ಸೇತುವೆಯ ಮೇಲೆ ನಿಂತು ಯಾವ ಕಡೆ ನೋಡಬೇಕು, ಯಾವ ಕಡೆ ನೋಡಬಾರದು, ಎಲ್ಲ ಸ್ಕೇಲಿಗೆ ಸರಿಯಾಗಿ, ಉತ್ತರ ದಿಕ್ಕಿನ ಬಾಣದ ಸಮೇತ. ಅಮ್ಮನಿಗೆಂದು ಒಂದು ಶಾಲಿನ ಪೊಟ್ಟಣ ಕೊಟ್ಟರು. ನನ್ನ ತಮ್ಮ ಅಲ್ಲಿನ ವಿಮಾನ ನಿಲ್ದಾಣಕ್ಕೇ ಬಂದು ತೆಗೆದುಕೊಳ್ಳುತ್ತಾನೆ, ಮನೆಯವರೆಗೆ ಹೋಗುವ ತೊಂದರೆ ಬೇಡ ಎಂದು ಮೂರು ಸಲ ಹೇಳಿದರು.

ಹೊರಡುವ ದಿನ ದೋಹಾ ನಿಲ್ದಾಣದಲ್ಲಿ ಇಬ್ಬರೂ ಅಪ್ಪಿಕೊಂಡರು. ಕಾಕ ಪೆಟ್ಟಿಗೆ ಇಳಿಸುವ ನೆವದಲ್ಲಿ ಕಾರಿನ ಹಿಂದೆ ಬಹಳ ಹೊತ್ತು ನಿಂತರು.

ನಾಲ್ಕು ದಿನದ ಮೇಲೆ ನೈರೋಬಿಯಿಂದ ಆಫೀಸಿಗೆ ಫ್ಯಾಕ್ಸ್ ಬಂತು. ಮಷಿನ್ ಇದ್ದದ್ದು ಮ್ಯಾನೇಜರ್ ಕೋಣೆಯಲ್ಲಿ. ಅವರು ಓದುತ್ತಾ ಹೊರಗೆ ಬಂದು, ಎಲ್ಲರಿಗೂ ಕೇಳುವಂತೆ ಮತ್ತೆ ಮೊದಲಿಂದ ಓದಿದರು.

ಕೈರೋ ನಿಲ್ದಾಣಕ್ಕೆ ತಮ್ಮ ಬಂದಿರಲಿಲ್ಲ. ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದನಂತೆ. ಪೊಟ್ಟಣದ ಮೇಲಿದ್ದ ವಿಳಾಸ ಹಿಡಿದು ಸರ್ವೇಯರ್ ತಾವೇ ಮನೆಗೆ ಹೋದರು. ಮೆಟ್ರೋ ಚೆನ್ನಾಗಿದೆ, ಒಪ್ಪಿಕೊಳ್ಳುತ್ತೇನೆ ಎಂದು ಬರೆದಿದ್ದರು. ತಾಯಿ ಅವರನ್ನು ಬಾಗಿಲಲ್ಲೇ ಗುರುತಿಸಿದರು. ಊಟ ಹಾಕಿದರು. ಮತ್ತೆ ಮತ್ತೆ ಬಡಿಸಿದರು. ಆಮೇಲೆ ಹತ್ತಿರ ಕೂತು, ನೈರೋಬಿಯಲ್ಲಿ ನೆಲಮಟ್ಟದ ಮನೆ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಿದರು.

ಫ್ಯಾಕ್ಸಿನ ಉಳಿದ ಭಾಗ ಹೀಗಿತ್ತು: "ಎರಡು ವರ್ಷದಿಂದ ನೀವು ಪ್ರತಿ ಕಾಗದದಲ್ಲೂ ನನ್ನ ಊರನ್ನು ಹೊಗಳಿದ್ದೀರಿ ಎಂದು ನಿಮ್ಮ ತಾಯಿ ಹೇಳಿದರು. ತಂಪು ಗಾಳಿ, ಅಗಲ ರಸ್ತೆ, ಸಾಲುಮರ, ಎಲ್ಲವನ್ನೂ ಓದಿ ತೋರಿಸಿದರು. ಅವರು ಹೊರಡಲು ಸಿದ್ಧರಿದ್ದಾರೆ. ನೀವು ಕಾರಿನಲ್ಲಿ ಹೇಳಿದ್ದು ಸರಿಯೋ, ಕಾಗದದಲ್ಲಿ ಬರೆದದ್ದು ಸರಿಯೋ, ದಯವಿಟ್ಟು ಆಫೀಸಿನ ಮೂಲಕ ತಿಳಿಸಿ."

ನಾನು ಕಾಕನಿಗೆ ಅರ್ಥ ಹೇಳಿದೆ. ಅವರು ನಗುತ್ತಾ ನೆಲದ ಮೇಲೇ ಕೂತುಬಿಟ್ಟರು. ಕೈರೋದವರು ಮಾತ್ರ ನಗಲಿಲ್ಲ. ಕಿವಿಯೆಲ್ಲ ಕೆಂಪಾಗಿತ್ತು. ಫ್ಯಾಕ್ಸನ್ನು ಮ್ಯಾನೇಜರ್ ಕೈಯಿಂದ ತೆಗೆದುಕೊಂಡು ತಮ್ಮ ಮೇಜಿಗೆ ಹೋದರು, ಎರಡು ಸಲ ಓದಿದರು, ಮಡಚಿದರು, ಬಿಚ್ಚಿದರು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ಸಂಜೆ ಡ್ರಾಯರಿನಿಂದ ನಕ್ಷೆಗಳಿಗೆ ಒತ್ತುವ ಮೊಹರು ತೆಗೆದು, ಆ ಫ್ಯಾಕ್ಸಿನ ಮೇಲೆಯೇ ಒತ್ತಿ, ಪೆನ್ನಿನಲ್ಲಿ ಏನೋ ಸೇರಿಸಿ, ನೈರೋಬಿಗೆ ತಿರುಗಿ ಕಳಿಸಿದರು. ಅವರು ಹೋದ ಮೇಲೆ ನಾವೆಲ್ಲ ಮಷಿನ್ ಹತ್ತಿರ ಹೋಗಿ ನೋಡಿದೆವು. ಮೊಹರಿನಲ್ಲಿ "ತಿದ್ದುಪಡಿಯೊಂದಿಗೆ ಒಪ್ಪಿಗೆ" ಎಂದಿತ್ತು. ಅದರ ಕೆಳಗೆ ಅವರ ಅಕ್ಷರದಲ್ಲಿ ತಿದ್ದುಪಡಿ:

"ಮೂರು ತಿಂಗಳ ವಿಸಿಟ್ ವೀಸಾ ಮಾತ್ರ."