ಗಂಜಿ ಹಚ್ಚಿದ ಜಡೆ

ನನ್ನಲ್ಲೊಂದು ದೊಡ್ಡ ಗುಣವಿದೆ. ಯಾವ ಕೆಲಸವನ್ನೇ ಆಗಲಿ, ನಾನು ಯಾರನ್ನೂ ಕೇಳದೆ ಕಲಿಯುತ್ತೇನೆ. ಇದನ್ನು ದುರ್ಗುಣ ಎನ್ನುವವರೂ ಇದ್ದಾರೆ, ಅವರಲ್ಲಿ ಹೆಚ್ಚಿನವರು ನಮ್ಮ ಮನೆಯವರೇ. ನನ್ನ ಸಾಲೆ ನಾಲ್ಕನೆಯ ಇಯತ್ತೆಗೇ ಮುಗಿಯಿತು. ಆಮೇಲಿನ ಓದನ್ನೆಲ್ಲ ಕಿರಾಣಿ ಅಂಗಡಿಯ ಪುಡಿಕೆ ಕಾಗದಗಳಲ್ಲಿ ಮಾಡಿದೆ. ಹಾಗಾಗಿ ಎಷ್ಟೋ ಕಥೆಗಳ ಕೊನೆ ನನಗೆ ಇವತ್ತಿಗೂ ಗೊತ್ತಿಲ್ಲ. ಅವು ಬೇರೆ ಯಾರದೋ ಬೆಲ್ಲ ಸುತ್ತಿಕೊಂಡು ಹೋದವು. ರೇಡಿಯೋ ರಿಪೇರಿಯನ್ನೂ ನಾನೇ ಕಲಿತೆ. ಬಿಚ್ಚಿ ಜೋಡಿಸಿದ ಮೇಲೆ ಮೂರು ಸ್ಕ್ರೂ ಉಳಿದವು. ಅಂದಿನಿಂದ ಅದು ಕಪಾಳಕ್ಕೆ ಎರಡು ಬಿದ್ದರೆ ಮಾತ್ರ ಹಾಡುತ್ತದೆ. ಆದರೆ ಹಾಡುತ್ತದೆ, ಅದನ್ನು ಯಾರೂ ಹೇಳುವುದಿಲ್ಲ.

ಹೋದ ವರ್ಷ ನನ್ನ ಹೆಂಡತಿ ಶಾಂತಾ ಸಂಡಿಗೆ ಒಣಹಾಕಲು ಮಾಳಿಗೆ ಏರುವಾಗ ನಿಚ್ಚಣಿಕೆ ಜಾರಿ ಬಿದ್ದಳು. ಸೊಂಟದ ಕೆಳಗೆ ಬಲ ಹೋಯಿತು. ಬಾಗಲಕೋಟೆಯ ಡಾಕ್ಟರು ಕಾಲಿಗೆ ಸಣ್ಣ ಸುತ್ತಿಗೆಯಿಂದ ಬಡಿದು ನೋಡಿ, "ಮನಿಗೆ ಕರ್ಕೊಂಡ ಹೋಗ್ರಿ, ಛಲೋತ್ನಂಗ ನೋಡ್ಕೊಳ್ರಿ" ಎಂದರು. ನಾನು ಕಣ್ಣೊರೆಸಿಕೊಂಡು ಅಲ್ಲೇ ಪಣ ತೊಟ್ಟೆ: ಇನ್ನು ಇವಳು ಒಂದು ಹುಲ್ಲುಕಡ್ಡಿಯನ್ನೂ ಎತ್ತಬಾರದು. ಮನೆಗೆ ಬಂದು ಕಿಟಕಿಯ ಪಕ್ಕ ಹೊರಸು ಹಾಕಿ, ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸಿದೆ. ಅವಳು ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, "ನೀ ಆರಾಮ ಕೂಡು, ನಾ ಎಲ್ಲಾ ಮಾಡ್ತೇನಿ" ಎನ್ನುತ್ತಿದ್ದೆ. ಆರು ವರ್ಷದ ಗಿರಿಜಾ, ಒಂದೂವರೆ ವರ್ಷದ ಉಮಾ, ಒಲೆ, ನೀರು, ಬಟ್ಟೆ, ಇದರ ಮೇಲೆ ಮಗ್ಗ, ಎಲ್ಲ ನನ್ನ ಪಾಲಿಗೆ ಬಂತು.

ಇಳಕಲ್ಲಿನ ನೇಕಾರರ ಓಣಿಯಲ್ಲಿ ಗುಟ್ಟಾಗಿ ಸಂಸಾರ ಮಾಡಲು ಸಾಧ್ಯವಿಲ್ಲ. ಮಗ್ಗ ನಡೆಯುತ್ತಿದ್ದರೆ ಸದ್ದು, ನಿಂತರೆ ಇನ್ನೂ ದೊಡ್ಡ ಸದ್ದು. ನನ್ನ ಮಗ್ಗ ನಿಂತ ಮರುಗಳಿಗೆ ಎದುರು ಮನೆಯ ಕಟ್ಟೆಯಿಂದ ಗಂಗವ್ವಾಯಿ ಕೂಗುತ್ತಿದ್ದಳು. "ಏನ್ ತಮ್ಮಾ, ಮಗ್ಗ ನಿಂತತಿ. ಸಣ್ಣಾಕಿ ಹೇತಳೇನು?" ಹೆಚ್ಚಿನ ಸಲ ಹೇತಿರುತ್ತಿದ್ದಳು. ಅದಕ್ಕೇ ನನಗೆ ಸಿಟ್ಟು. ನಾನು ರೊಟ್ಟಿ ಬಡಿಯಲು ಕುಳಿತರೂ ಅಷ್ಟೇ, ಆ ಸದ್ದಿನ ಮೇಲೇ ಓಣಿಯ ಹೆಂಗಸರು ತೀರ್ಪು ಕೊಡುತ್ತಿದ್ದರು. "ಹಿಟ್ಟು ನಾದಿಲ್ಲ ನೋಡವಾ, ದಪ್ ದಪ್ ಅಂತೈತಿ, ಸಗಣಿ ಬಡಿದಂಗ." ತಿಂದು ನೋಡಿ ಹೇಳಿದ್ದರೆ ಒಪ್ಪುತ್ತಿದ್ದೆ. ತಿಂದು ನೋಡಿದವಳು ಶಾಂತಾ ಒಬ್ಬಳೇ. ಅವಳು ತುಂಡು ಮುರಿದು ಸಾರಿನಲ್ಲಿ ನೆನೆಯಲು ಹಾಕಿ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದಳು.

ಇದನ್ನೆಲ್ಲ ತಡೆದುಕೊಂಡೆ. ತಡೆಯಲಾಗದ್ದು ಗಿರಿಜಾಳ ತಲೆ. ಅವಳದು ಗುಂಗುರು ಕೂದಲು. ನಾನು ಹಾಕಿದ ಜಡೆ ಸಾಲೆಯ ಗಂಟೆ ಬಾರಿಸುವುದರೊಳಗೆ ಬಿಚ್ಚಿಕೊಂಡು ನಾಲ್ಕೂ ದಿಕ್ಕಿಗೆ ಹೋಗುತ್ತಿತ್ತು. ಒಂದು ದಿನ ಅವಳು ಸಾಲೆಯಿಂದ ಬರುವಾಗ ಗಂಗವ್ವಾಯಿ, "ತಾಯಿ ಇದ್ದೂ ಇಲ್ಲಧಂಗ ಆತಲ್ಲವಾ ನಿನ ಬಾಳೇವು" ಎಂದು ಅವಳ ಗಲ್ಲ ಸವರಿದಳು. ಕಿಟಕಿಯ ಪಕ್ಕ ಕುಳಿತಿದ್ದ ಶಾಂತಾಳಿಗೆ ಅದು ಕೇಳಿಸಿತು. ಅವಳು ಆ ದಿನ ಊಟ ಮಾಡಲಿಲ್ಲ. ರೊಟ್ಟಿಯ ದೋಷವಿರಬಹುದೆಂದು ನಾನು ಮಾರನೆಯ ದಿನ ಇನ್ನಷ್ಟು ಜೋರಾಗಿ ಬಡಿದೆ.

ಅದೇ ವಾರ ಹುನಗುಂದದಿಂದ ನನ್ನ ಅಕ್ಕ ನೀಲವ್ವನ ಕಾರ್ಡು ಬಂತು. "ಸೋಮವಾರ ಬರುತ್ತೇನೆ. ಹುಡುಗಿಯರಿಬ್ಬರ ಅರಿವೆ ಗಂಟು ಕಟ್ಟಿಡು. ಗಂಡಸಿನ ಕೈಯಲ್ಲಿ ಹೆಣ್ಣುಮಕ್ಕಳು ಬೆಳೆಯುವುದಿಲ್ಲ. ನನ್ನ ಹತ್ತಿರ ಇರಲಿ." ಎಷ್ಟು ದಿನ ಎಂದು ಬರೆದಿರಲಿಲ್ಲ. ಕಾರ್ಡು ಓದಿದ ಶಾಂತಾ ಉಮಾಳನ್ನು ಎದೆಗೆ ಒತ್ತಿಕೊಂಡಳು. "ಅಂಜಬ್ಯಾಡ, ಅಕ್ಕ ಬಂದು ನೋಡಿ ಬೆರಗಾಗಿ ಹೊಳ್ಳಿ ಹೋಗಬೇಕು, ಹಂಗ ಮಾಡ್ತೇನಿ" ಎಂದೆ. ಬೆರಗಾಗುವ ಮಟ್ಟಿಗೆ ಮಾತು ಉಳಿಸಿಕೊಂಡೆ.

ಸೋಮವಾರ ಮನೆ ಸಾರಿಸಿದೆ, ಪಾತ್ರೆ ಬೆಳಗಿದೆ. ತಲೆ ಒಂದು ಉಳಿಯಿತು. ಆಗ ನನಗೆ ಹೊಳೆಯಿತು. ನೂಲು ಹುರಿ ಬಿಚ್ಚಿ ಎಳೆ ಎದ್ದರೆ ನಾವು ಏನು ಮಾಡುತ್ತೇವೆ? ಗಂಜಿ ಹಚ್ಚುತ್ತೇವೆ. ನೂಲಿಗೆ ಆದದ್ದು ಕೂದಲಿಗೆ ಯಾಕೆ ಆಗಬಾರದು? ಇಷ್ಟು ಸರಳ ಸಂಗತಿ ಊರಿನ ಒಬ್ಬ ತಾಯಿಗೂ ಹೊಳೆದಿಲ್ಲವಲ್ಲ ಎಂದು ನನಗೆ ಮರುಕವೂ ಆಯಿತು. ಗಿರಿಜಾಳನ್ನು ಹಿತ್ತಲಲ್ಲಿ ಕೂರಿಸಿ, ಜೋಳದ ಗಂಜಿ ಹದವಾಗಿ ಕಾಸಿ, ಕುಂಚದಿಂದ ಹಚ್ಚಿ, ಎರಡು ಜಡೆ ಬಿಗಿದು, ತುದಿಗೆ ಕೆಂಪು ರೇಷ್ಮೆಯಲ್ಲಿ ನೇಕಾರರ ಗಂಟು ಹಾಕಿ ಬಿಸಿಲಿಗೆ ನಿಲ್ಲಿಸಿದೆ.

ಹನ್ನೊಂದರ ಹೊತ್ತಿಗೆ ಒಣಗಿತು. ಜಡೆಗಳು ಸೈಕಲ್ ಹ್ಯಾಂಡಲ್ಲಿನಂತೆ ಎರಡೂ ಕಡೆ ಸೆಟೆದು ನಿಂತವು. "ಅಪ್ಪಾ, ಹೆರಳು ಕೆಳಗ ಇಳಿವಲ್ವು" ಎಂದಳು ಗಿರಿಜಾ. "ಇಳೀಬಾರದವಾ, ಅದಕ್ಕ ಹಚ್ಚೇನಿ" ಎಂದು ಸಮಾಧಾನ ಹೇಳಿ, ಅಕ್ಕನ ದಾರಿ ನೋಡಲು ಅವಳನ್ನು ಬಾಗಿಲಲ್ಲಿ ಕೂರಿಸಿ ಒಳಗೆ ಹೋದೆ. ಗಂಗವ್ವಾಯಿಯ ಮನೆಯಲ್ಲಿ ಒಂದು ಆಡು ಇದೆ ಎನ್ನುವುದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಆಡಿಗೆ ಜೋಳ ಎಂದರೆ ಪ್ರಾಣ ಎನ್ನುವುದೂ ಇರಲಿಲ್ಲ.

ಅಕ್ಕ ಟಾಂಗಾದಿಂದ ಇಳಿದಾಗ ಎಡಗಡೆಯ ಜಡೆ ಆಡಿನ ಬಾಯಿಯಲ್ಲಿತ್ತು. ಗಿರಿಜಾಳ ಕೈ ಹಿಡಿದು ನಾನು ಈಚೆ ಎಳೆಯುತ್ತಿದ್ದೆ, ಗಂಗವ್ವಾಯಿ ಆಡಿನ ಹಿಂಗಾಲು ಹಿಡಿದು ಆಚೆ ಎಳೆಯುತ್ತಿದ್ದಳು. ಓಣಿಯ ಮಗ್ಗಗಳೆಲ್ಲ ನಿಂತಿದ್ದವು.

"ಏನೋ ಇದು? ಕೂಸಿನ ತಲಿಗೆ ಏನ್ ಹಚ್ಚಿಯೋ?" ಎಂದಳು ಅಕ್ಕ.

"ಗಂಜಿ."

"ಗಂಜಿ? ಹುಡುಗೀನ ಮಗ್ಗಕ್ಕ ಏರಸಾವ ಇದ್ದೇನು?"

ಒಳಗೆ ಬಂದು ನೀರನ್ನೂ ಮುಟ್ಟದೆ ಅಕ್ಕ ತೀರ್ಪು ಹೇಳಿದಳು. "ಐದರ ಬಸ್ಸಿಗೆ ಎರಡೂ ಕೂಸು ನನ್ನ ಸಂಗಾಟ ಬರ್ತಾವ. ಇನ್ನೊಂದ ಮಾತಿಲ್ಲ."

ನಾನು ಹುಡುಗಿಯರ ಅರಿವೆ ಗಂಟು ಕಟ್ಟಿದೆ. ಆಗ ಹೊರಸಿನ ಮೇಲಿಂದ ಶಾಂತಾ ಎಂದಳು. "ಅಕ್ಕಾರ, ಒಂದ್ ಚರಿಗಿ ಬಿಸಿನೀರು, ಮ್ಯಾಲಿನ ಹಲಗಿಮ್ಯಾಗ ಹಣಿಗಿ ಐತಿ, ಅದನ್ನಷ್ಟು ಕೊಡ್ರಿ. ಗಿರಿಜಾ, ಬಾ ಇಲ್ಲೆ."

ಗಿರಿಜಾಳನ್ನು ಮುಂದೆ ಕೂರಿಸಿಕೊಂಡು, ನಾನು ಹಲ್ಲಿನಿಂದ ಬಿಗಿದಿದ್ದ ಗಂಟನ್ನು ಉಗುರಿನ ತುದಿಯಿಂದ ಬಿಡಿಸಿದಳು. ಗಂಜಿ ನೆನೆಸಿ ತೊಳೆದು, ಹಣಿಗೆಯಿಂದ ಎಳೆ ಎಳೆ ಬಾಚಿದಳು. ಆಡು ತಿಂದುಳಿದದ್ದನ್ನು ಸರಿದೂಗಿಸಿ ಎರಡು ಜಡೆ ಹೆಣೆದಳು. ಹುಡುಗಿ ತಲೆ ಕುಣಿಸಿದರೂ ಒಂದು ಕೂದಲು ಅಲುಗಲಿಲ್ಲ.

ಅಕ್ಕ ಒಂದು ಜಡೆ ಎಳೆದು ನೋಡಿದಳು. "ಇಷ್ಟ ದಿನ ಯಾಕ ಹಾಕಲಿಲ್ಲವಾ ನೀನು?"

"ಯಾರೂ ಹಣಿಗಿ ಕೈಯಾಗ ಕೊಡಲಿಲ್ಲರಿ. ನನ್ನ ಕಾಲು ಹೋಗ್ಯಾವ್ರಿ, ಕೈ ಹೋಗಿಲ್ಲ. ಬಾಯಿ ತೆಗದ್ರ ಆರಾಮ ಕೂಡು ಅಂತಾರ. ಓಣ್ಯಾಗಿನವರು ನಾ ಇಲ್ಲಧಂಗ ಅಂತ ಒಮ್ಮೆ ಅಂದ್ರು. ಇವರು ದಿನಾ ಹಂಗ ಮಾಡ್ತಾರ." ಆಮೇಲೆ ನನ್ನ ಕಡೆ ತಿರುಗಿದಳು. "ರೊಟ್ಟಿ ಏನ್ ನಿಂತು ಬಡೀತಾರೇನ್ರಿ? ಕಂಡಿಕಿಗೆ ನೂಲು ಏನ್ ಓಡ್ಯಾಡಿ ಸುತ್ತತಾರೇನ್ರಿ?"

ನಮ್ಮ ಮನೆಯಲ್ಲಿ ಹೆಂಗಸರು ಮಾಡುವ ಕೆಲಸದಲ್ಲಿ ಅರ್ಧಕ್ಕೂ ಹೆಚ್ಚು ಕುಳಿತೇ ಮಾಡುವಂಥದ್ದು. ಇಪ್ಪತ್ತೆಂಟು ವರ್ಷ ಅದನ್ನು ನೋಡುತ್ತ ಬೆಳೆದ ನನಗೆ ಅದು ಕಂಡೇ ಇರಲಿಲ್ಲ. ಹನ್ನೊಂದು ತಿಂಗಳು ನಾನು ಕಲ್ಲಿನಂಥ ರೊಟ್ಟಿ ಬಡಿದು, ಊರೆಲ್ಲ ನನ್ನನ್ನು ಆಡಿಕೊಳ್ಳುತ್ತದೆಂದು ಒಳಗೊಳಗೇ ಹುತಾತ್ಮನಾಗುತ್ತಿದ್ದಾಗ, ರೊಟ್ಟಿ ಬಲ್ಲ ಎರಡು ಕೈಗಳು ಎರಡು ದಿಂಬಿನ ನಡುವೆ ಸುಮ್ಮನಿದ್ದವು.

ಶಾಂತಾಳನ್ನು ಎತ್ತಿ ಗೋಡೆಗೆ ಒರಗಿಸಿ ಮಣೆಯ ಮೇಲೆ ಕೂರಿಸಿ, ಒಲೆಯನ್ನು ಅವಳ ಮುಂದಕ್ಕೆ ಸರಿಸಿದೆ. ಅವಳು ಬಡಿದ ಮೂರು ರೊಟ್ಟಿಯನ್ನು ಅಕ್ಕ ತಿಂದಳು. ತಿಂದು, ಹುಡುಗಿಯರ ಅರಿವೆ ಗಂಟು ತಾನೇ ಬಿಚ್ಚಿ ಟ್ರಂಕಿಗೆ ಹಾಕಿದಳು. ಅದೇ ಅವಳ ಎರಡನೆಯ ತೀರ್ಪು.

ಐದರ ಬಸ್ಸಿಗೆ ಹೊರಟಾಗ ಶಾಂತಾ ಕರೆದಳು. "ಅಕ್ಕಾರ, ಮಕ್ಕಳನ್ನ ಕರ್ಕೊಂಡ ಹೋಗ್ಲಾಕ ಬಂದಿದ್ರಿ, ಬರಿಗೈಲೆ ಹೊಂಟೀರಿ. ಇವರನ್ನರ ಒಂದ್ ಎಂಟ್ ದಿನ ಕರ್ಕೊಂಡ ಹೋಗ್ರಿ. ಮನಿ ಒಂದೀಟು ಹದಕ್ಕ ತರ್ತೇನಿ."

ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ, ಎಳೆ ತಪ್ಪಿದ ಸೀರೆ ನೋಡುವ ಹಾಗೆ ನೋಡಿದಳು.

"ಬ್ಯಾಡವಾ ತಾಯಿ. ನಮ್ಮನ್ಯಾಗೂ ಹೆಣ್ಣ ಹುಡುಗ್ಯಾರದಾರ, ಅವರಿಗೂ ಕೂದಲದಾವು."

ಹೀಗೆ, ಪುಕ್ಕಟೆ ಕೊಟ್ಟರೂ ಯಾರೂ ಒಯ್ಯಲೊಲ್ಲದ ನಮ್ಮ ಮನೆಯ ಒಂದೇ ಸಾಮಾನು, ಅಕ್ಕನ ಚೀಲ ಹೊತ್ತುಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿಯಿತು.