ಮುದಲಾಳಿ ಬಿಲ್ಡಿಂಗಿನ ಮೂಲಪುರುಷ

ಮುದಲಾಳಿ ಬಿಲ್ಡಿಂಗ್ ಕಟ್ಟಿಸಿದ ವ್ಯಾಪಾರಿ ಯಾರೆಂದು ಬೆಳಿಗ್ಗೆ ಹತ್ತಕ್ಕೆ ಸುಧನ್ವನಿಗೆ ಗೊತ್ತಿರಲಿಲ್ಲ. ಹನ್ನೆರಡಕ್ಕೆ ಮೂವರು ಗೊತ್ತಾಗಿದ್ದರು. ತೊಂದರೆ ಅಲ್ಲಿಂದಲೇ ಶುರು.

ಎರ್ನಾಕುಳಂ ಪೇಟೆಯ ಆ ಕಟ್ಟಡದ ಮೇಲಿನ ಮಹಡಿಯಲ್ಲಿ ಅವನು ಕೆಲಸ ಮಾಡುವ ಬ್ಯಾಂಕು. ಸಂಜೆ ನಾಲ್ಕಕ್ಕೆ ಕಟ್ಟಡದ ಶತಮಾನೋತ್ಸವ. ತಿರುವನಂತಪುರದಿಂದ ಬರುವ ಬ್ಯಾಂಕಿನ ಮೇಲಧಿಕಾರಿ ಧನಶ್ರೀ ಮೇಡಂ ಅವರ ಬ್ಯಾಗಿನಲ್ಲಿ ಸುಧನ್ವನ ಮೈಸೂರು ವರ್ಗಾವಣೆಯ ಕಾಗದ ಸಹಿಗೆ ಕಾದಿತ್ತು.

“ಸಂಸ್ಥಾಪಕರ ಬಗ್ಗೆ ಐದು ನಿಮಿಷ ಮಾತಾಡು. ಬಾಡಿಗೆದಾರರ ಮಧ್ಯೆ ಜಗಳ ಎದ್ದರೆ ಮೇಡಂ ಸಹಿ ಹಾಕಲ್ಲ,” ಎಂದು ಮ್ಯಾನೇಜರು ಹೆದರಿಸಿದ್ದರು.

ಕೆಳಗಿನ ಕೊಡೆ ಅಂಗಡಿಯ ರಾಮದಾಸ ಶೆಣೈ ಗೋಡೆಯ ಫೋಟೊ ತೋರಿಸಿದ. “ಎಂತ ಮಾರಾಯ್ರೆ, ಇದರಲ್ಲಿ ಕೇಳ್ಲಿಕ್ಕೆ ಎಂತ ಉಂಟು? ಮುದಲಾಳಿ ನಮ್ಮ ಕೊಂಕಣಿಯವರೇ. ಹಣೆಯ ನಾಮ ಕಾಣುದಿಲ್ವಾ?”

“ಆ ಶೆಣೈಯನ್ನ ನಂಬಬೇಡಿ ಸಾರೆ!” ಎಂದ ಪಕ್ಕದ ಬೀಗದಂಗಡಿಯ ವರ್ಕಿಚ್ಚನ್. ಅವನ ಗೋಡೆಯಲ್ಲೂ ಅದೇ ಮುಖ, ಅದೇ ಮೀಸೆ, ಕೊರಳಲ್ಲಿ ಶಿಲುಬೆ. ಅತ್ತರಿನ ಕುಂಞಿಮೊಯ್ದೀನನ ಅಂಗಡಿಯಲ್ಲಿ ಅದೇ ಮೀಸೆಗೆ ಮೇಲೊಂದು ಟೊಪ್ಪಿ. ಮುದಲಾಳಿ ಶಾಲಾ ಮಕ್ಕಳ ಛದ್ಮವೇಷ ಸ್ಪರ್ಧೆಗೆ ನಿಂತಂತಿದ್ದರು.

“ಇಕ್ಕಾ, ಅವರ ಹೆಸರಾದ್ರೂ ಹೇಳಿ,” ಎಂದು ಸುಧನ್ವ ಮೊಯ್ದೀನನಿಗೆ ದುಂಬಾಲು ಬಿದ್ದ.

“ಮುದಲಾಳಿ ಅಂದ್ರೆ ಧಣಿ. ಧಣಿಯ ಹೆಸರು ಹಿಡಿದು ಕರೆಯೋರುಂಟೇ ಸಾರೆ? ನಮ್ಮಜ್ಜ ‘ಮುದಲಾಳಿ’ ಅಂತಿದ್ದರು, ಅಪ್ಪನೂ ಅಷ್ಟೇ.”

ಮೂಲಪುರುಷನನ್ನು ಹುಡುಕಹೋಗಿ ಮೂಲವ್ಯಾಧಿ ಅಂಟಿಸಿಕೊಂಡಂತೆ ಸುಧನ್ವ ಕೂರಲಾರದೆ ನಿಲ್ಲಲಾರದೆ ಒದ್ದಾಡುವಾಗ ಮೈಸೂರಿನಿಂದ ಹೆಂಡತಿ ನಂದಿತಾಳ ಫೋನು.

“ರೀ, ಸೋಮವಾರ ಬಂದ್ಬಿಡ್ತೀರಿ ತಾನೇ?”

“ಮುದಲಾಳಿ ಯಾರ ಪೈಕಿ ಅಂತ ಗೊತ್ತಾದ್ರೆ ಬರ್ತೀನಿ ಕಣೆ.”

“ಬಿಸಿಲು ತಲೆಗೇರಿದ್ಯಾ?”

ನಾಲ್ಕಕ್ಕೆ ಮೂವರೂ ತೊಡೆಯ ಮೇಲೆ ತಂತಮ್ಮ ಫೋಟೊ ಇಟ್ಟುಕೊಂಡು, ಒಂದೇ ಮುಹೂರ್ತಕ್ಕೆ ಬಂದ ಮೂವರು ಮದುಮಕ್ಕಳಂತೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಒಬ್ಬನ ಕಡೆ ಹೇಳಿದರೆ ಇನ್ನಿಬ್ಬರು ಏಳುವುದು ಖಂಡಿತ. ಮೈಕಿನ ಮುಂದೆ ನಿಂತ ಸುಧನ್ವನ ನಾಲಿಗೆಗೆ ಬಂದ ಊರು ಒಂದೇ.

“ಮುದಲಾಳಿ... ಮೈಸೂರಿನವರು!”

ಶೆಣೈ ವರ್ಕಿಚ್ಚನನ್ನು ನೋಡಿದ, ವರ್ಕಿಚ್ಚನ್ ಮೊಯ್ದೀನನನ್ನು. ನಮ್ಮವನಲ್ಲದಿದ್ದರೆ ಬೇಡ, ಪಕ್ಕದಂಗಡಿಯವನ ಪೈಕಿಯೂ ಅಲ್ಲವಲ್ಲ! ಚಪ್ಪಾಳೆ ಸೂರು ಮುಟ್ಟಿತು.

ಸುಧನ್ವನಿಗೆ ಉಮೇದು ಬಂತು. “ಎರಡು ವರ್ಷ ಇದ್ದು ಹೋಗೋಣವೆಂದು ಬಂದವರು, ಇಲ್ಲಿಯ ಜನರ ಪ್ರೀತಿಗೆ ಸೋತು ಊರಿನ ದಾರಿಯನ್ನೇ ಮರೆತರು!”

ಶೆಣೈ ಕಣ್ಣೊರೆಸಿಕೊಂಡ. ಧನಶ್ರೀ ಮೇಡಂ ವೇದಿಕೆಯಲ್ಲೇ ವರ್ಗಾವಣೆಯ ಕಾಗದ ತೆಗೆದರು. ಸುಧನ್ವ ಪೆನ್ನು ಚಾಚಿದ. ಅಷ್ಟರಲ್ಲಿ ಮೂವರು ಅಂಗಡಿಯವರೂ ಗುಸುಗುಸು ಮಾಡಿ, ಆಮಂತ್ರಣ ಪತ್ರಿಕೆಯ ಹಿಂದೆ ಏನೋ ಗೀಚಿ, ಒಟ್ಟಿಗೆ ಸಹಿ ಹಾಕಿ ಮೇಡಂಗೆ ಕೊಟ್ಟರು.

ಮೇಡಂ ಓದಿ ಗದ್ಗದಿತರಾದರು. “ನೋಡಿ ಸುಧನ್ವ, ಈ ಮೂವರು ಒಂದೇ ಕಾಗದಕ್ಕೆ ಸಹಿ ಹಾಕಿರೋದು ಇದೇ ಮೊದಲಂತೆ. ಮುದಲಾಳಿಯ ಊರಿನವರು ಬಿಲ್ಡಿಂಗಿನಲ್ಲಿ ಇರಲೇಬೇಕು ಅಂತಿದ್ದಾರೆ.”

ಮೇಡಂ ಕೈಯಲ್ಲಿ ವರ್ಗಾವಣೆಯ ಕಾಗದ ಪರ್ರೆಂದು ಎರಡಾಯಿತು.

“ನೀವೂ ಊರಿನ ದಾರಿ ಮರೆತುಬಿಡಿ.”