ಚೌಡಿಗೆ ಕೈ ಮುಗಿದ ಕಾರು

ಆ ಬೇಸಿಗೆಯಲ್ಲಿ ಹೂವಯ್ಯನ ಹಳೆಯ ಕಾರಿಗೆ ಬಿಕ್ಕಳಿಕೆ ಹತ್ತಿಕೊಂಡಿತು. ಯುದ್ಧಕ್ಕೂ ಮುಂಚಿನ ಕಾರು. ಯಾರೋ ಎಸ್ಟೇಟಿನ ದೊರೆಯಿಂದ ಕೈ ಬದಲಾಯಿಸುತ್ತಾ ತೀರ್ಥಹಳ್ಳಿ ಸೇರಿತ್ತು. ಒಂದಷ್ಟು ದೂರ ಮರ್ಯಾದಸ್ಥನಂತೆ ಓಡಿ, ಆಮೇಲೆ ಬಿಕ್ಕಿ ಬಿಕ್ಕಿ ನಿಂತುಬಿಡುವುದು ಅದರ ಹೊಸ ಚಾಳಿ. ಹೆಂಡತಿಯ ತಂಗಿಯ ಮದುವೆಗೆ ಹೊರಟ ದಿನವೂ ಹೀಗೇ ಮಾಡಿ, ಧಾರೆ ಮುಗಿದ ಮೇಲೆ ಮುಟ್ಟಿಸಿತು. ಹೆಂಡತಿ ಸರೋಜ ಸಾಗರದ ತವರಿನಲ್ಲೇ ಉಳಿದಳು. ಆ ಕಾರು ಅಂಗಳದಿಂದ ತೊಲಗುವ ತನಕ ತಾನು ಅಂಗಳ ತುಳಿಯುವುದಿಲ್ಲವೆಂದಳು. ಹೂವಯ್ಯನಿಗೆ ಕಾರೆಂದರೆ ಪ್ರಾಣ. ಆದರೆ ತಾನೇ ಬೇಯಿಸಿದ ಗಂಜಿ ಕುಡಿದು ಕುಡಿದು, ಹೆಂಡತಿಯೆಂದರೆ ಇನ್ನೂ ಹೆಚ್ಚು ಪ್ರಾಣವೆಂದು ಗೊತ್ತಾಗಿತ್ತು.

ಕಾರು ಕೊಳ್ಳಲು ಸಾಗರದ ಅಕ್ಕಿ ಗಿರಣಿಯ ಮಂಜುನಾಥಪ್ಪ ಒಪ್ಪಿದ್ದರು. ದಾರಿಯಲ್ಲಿ ಎಲ್ಲೂ ನಿಲ್ಲದೆ ಓಡಬೇಕು ಎನ್ನುವುದೊಂದೇ ಕರಾರು. ಅವತ್ತು ಬೆಳಿಗ್ಗೆ ಹೂವಯ್ಯ ಕಾರು ಹೊರಡಿಸುವಾಗ ಪಕ್ಕದ ಮನೆಯ ಶೇಷಪ್ಪ ಕರೆಯದೆಯೇ ಬಂದು ಮುಂದಿನ ಸೀಟಿನಲ್ಲಿ ಕೂತ. ಒಂದು ಕಾಲದಲ್ಲಿ ಲಾರಿ ಡ್ರೈವರನ ಪಕ್ಕ ಕೂತು ಶಿವಮೊಗ್ಗಕ್ಕೆ ಹೋಗಿಬಂದಿದ್ದ ಕಾರಣ ಇಂಜಿನ್ನಿನ ವಿಷಯದಲ್ಲಿ ಅವನದೇ ಕೊನೆಯ ಮಾತು. ಹಿಂದಿನ ಸೀಟಿನಲ್ಲಿ ಅವನ ತಾಯಿ ದುಗ್ಗಮ್ಮ, ಸಾಗರದ ಮಗಳ ಮನೆಗೆಂದು ಕಟ್ಟಿಕೊಂಡ ತೆಂಗಿನಕಾಯಿ ಚೀಲದ ಸಮೇತ ತಳವೂರಿದಳು.

ಕಾಡಿನ ತಿರುವೊಂದರಲ್ಲಿ ಕಾರು ಬಿಕ್ಕಿತು, ನಿಂತಿತು. ಶೇಷಪ್ಪ ಇಳಿದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು, ಬಿದಿರು ಕಡ್ಡಿ ಅದ್ದಿ ನೋಡಿ, ಬೇಕಾದಷ್ಟಿದೆ ಎಂದು ಮುಚ್ಚಿದ. ಅಷ್ಟರಲ್ಲಿ ದುಗ್ಗಮ್ಮ ಮರದ ಬುಡದಲ್ಲಿದ್ದ ಚೌಡಿ ಕಲ್ಲಿಗೆ ಒಂದು ಕಾಯಿ ಒಡೆದಳು. ಕಾರು ಒಂದೇ ಏಟಿಗೆ ಹೊರಟಿತು.

"ನೋಡ್ದ್ಯಾ ಹೂವಯ್ಯ, ಅದಕ್ಕೆ ದೇವ್ರು ಕಾಣ್ತದೆ. ನಮಗೇ ಕಣ್ಣಿಲ್ಲ," ಎಂದಳು ದುಗ್ಗಮ್ಮ.

ನಮ್ಮ ಕಡೆ ಚೌಡಿ ಕಲ್ಲಿಲ್ಲದ ತಿರುವು ಹುಡುಕಿದರೂ ಸಿಗುವುದಿಲ್ಲ. ಕಾರು ಎಲ್ಲಿ ನಿಂತರೂ ಅಲ್ಲೊಬ್ಬಳು ಚೌಡಿ. ಶೇಷಪ್ಪ ಕಡ್ಡಿ ಅದ್ದುವುದು, ದುಗ್ಗಮ್ಮ ಕಾಯಿ ಒಡೆಯುವುದು, ಕಾರು ಹೊರಡುವುದು. ಹೊಸನಗರದಲ್ಲಿ ಮೆಕ್ಯಾನಿಕ್ ಕನ್ನಪ್ಪ ಪ್ಲಗ್ ಒರೆಸಿ, ಪೈಪು ಊದಿ, ಪೇಟೆ ಸುತ್ತಿಸಿದ. ಕಾರು ಕುದುರೆಮರಿಯಂತೆ ಓಡಿತು.

"ಕಾರಿಗೆ ಎಂತದೂ ಆಗಿಲ್ಲ ಗೌಡ್ರೆ, ನಿಮ್ಮ ಕಾಲು ನಡುಗ್ತದೆ ಅಷ್ಟೆ," ಎಂದು ಕನ್ನಪ್ಪ ಕೈ ತೊಳೆದುಕೊಂಡ.

ಊರು ದಾಟಿದ್ದೇ ತಡ ಮತ್ತೆ ಬಿಕ್ಕಳಿಕೆ. ಹಿಂದಿನಿಂದ ಬಂದ ಸಾಗರದ ಬಸ್ಸಿನವರು ಏನಾಯಿತೆಂದು ಕೇಳಿದರೆ, ದುಗ್ಗಮ್ಮ ಬಸ್ಸಿಗೆ ಬಸ್ಸೇ ಕೇಳುವಂತೆ ಕಾರಿನ ಭಕ್ತಿಯನ್ನು ಬಣ್ಣಿಸಿ ಕಳಿಸಿದಳು.

ಸಾಗರ ಹತ್ತಿರವಾದಾಗ ಕಾರು ಮತ್ತೊಮ್ಮೆ ನಿಂತಿತು. ಕಾಯಿ ಮುಗಿದಿದ್ದವು. ಶೇಷಪ್ಪ ಗೊರಕೆ ಹೊಡೆಯುತ್ತಿದ್ದ. ಹೂವಯ್ಯ ಅಳುಮುಖ ಮಾಡಿಕೊಂಡು ತಾನೇ ಮುಚ್ಚಳ ತಿರುಗಿಸಿದ. ಕೆರೆಯಲ್ಲಿ ಮುಳುಗಿ ಎದ್ದವರ ಹಾಗೆ ಟ್ಯಾಂಕು ಸೊರ್ರೆಂದು ಉಸಿರೆಳೆದುಕೊಂಡಿತು. ಮುಚ್ಚಳ ತಿರುವಿ ನೋಡಿದರೆ, ಗಾಳಿ ಆಡಲೆಂದು ಇದ್ದ ಸಣ್ಣ ತೂತಿಗೆ ಯಾರೋ ಹಲಸಿನ ಮೇಣ ಮೆತ್ತಿದ್ದರು, ತೂತು ಬಿದ್ದ ಕೊಡಪಾನಕ್ಕೆ ಮೆತ್ತುವ ಹಾಗೆ. ಪಾಪ, ಕಾರಿಗೆ ಭಕ್ತಿಯೂ ಇರಲಿಲ್ಲ, ರೋಗವೂ ಇರಲಿಲ್ಲ, ಮೂಗು ಕಟ್ಟಿತ್ತು; ಶೇಷಪ್ಪ ಕಡ್ಡಿ ಅದ್ದಲು ಮುಚ್ಚಳ ತೆಗೆದಾಗಲೆಲ್ಲ ಉಸಿರು ಬಂದು ಹೊರಡುತ್ತಿತ್ತು. ಹೂವಯ್ಯ ಮುಳ್ಳಿನಿಂದ ಮೇಣ ಕೆದಕಿ ತೆಗೆದ. ಅವನಿಗಾದ ಸಂತೋಷ ಹೇಳತೀರದು. ಕಾರಿನ ಹಾರ್ನು ಒತ್ತುತ್ತಲೇ ಪೇಟೆ ಹೊಕ್ಕು, ದುಗ್ಗಮ್ಮನನ್ನೂ ಶೇಷಪ್ಪನನ್ನೂ ಅವಳ ಮಗಳ ಮನೆಯಲ್ಲಿ ಇಳಿಸಿದ.

ಮಂಜುನಾಥಪ್ಪನವರ ಬಾಗಿಲಲ್ಲಿ ಅವರ ತಾಯಿ ಕೆರಿಯಮ್ಮ ಆರತಿ ತಟ್ಟೆ ಹಿಡಿದು ಕಾದಿದ್ದರು. ಬಸ್ಸು ಸುದ್ದಿ ಮುಟ್ಟಿಸಿತ್ತು. ಇಂಥ ಕಾರು ಬೇಕೇ ಬೇಕೆಂದು ಮಗನಿಗೆ ತಾಕೀತು ಮಾಡಿ, ಆರತಿ ಬೆಳಗಿ, ಮಗನನ್ನೂ ಕೂರಿಸಿಕೊಂಡು ತಾವೇ ಹತ್ತಿ ಕೂತರು. ಹೂವಯ್ಯ ಹುರುಪಿನಿಂದ ಕೆಳದಿ ರಸ್ತೆಗೆ ಬಿಟ್ಟ. ತಿರುವಿನಲ್ಲಿ ಚೌಡಿ ಕಲ್ಲು ಬಂತು. ಕಾರು ಬಿಕ್ಕಲಿಲ್ಲ, ನಿಲ್ಲಲಿಲ್ಲ, ಧೂಳೆಬ್ಬಿಸಿಕೊಂಡು ಹಾದುಹೋಯಿತು. ಮುಂದಿನ ಚೌಡಿಗೂ ಅದೇ ಗತಿ.

"ತಿರುಗ್ಸಪ್ಪ," ಎಂದರು ಕೆರಿಯಮ್ಮ. "ಅಮ್ಮನ ಮುಂದೆ ನಿಲ್ಲದ ಕಾರು ನಮಗೆ ಬ್ಯಾಡ."

ಹೂವಯ್ಯ ತಾಯಿಮಗನನ್ನು ಅವರ ಮನೆಯಲ್ಲಿಳಿಸಿ ನೇರವಾಗಿ ಮಾವನ ಮನೆಗೆ ಹೋದ. ಕಾರು ಮಾರಾಟವಾಗಲಿಲ್ಲ, ಆದರೆ ಇನ್ನು ಮುಂದೆ ಎಲ್ಲೂ ನಿಲ್ಲುವುದಿಲ್ಲ, ಯಾರೋ ಬುದ್ಧಿಗೇಡಿಗಳು ಮುಚ್ಚಳಕ್ಕೆ ಹಲಸಿನ ಮೇಣ ಮೆತ್ತಿದ್ದರು, ತಾನೇ ಕಂಡುಹಿಡಿದು ತೆಗೆದೆ ಎಂದು ಎದೆಯುಬ್ಬಿಸಿ ವರದಿ ಒಪ್ಪಿಸಿದ.

ಸರೋಜಳ ಮುಖ ಕೆಂಪಾಯಿತು. "ತೆಗ್ದ್ರಾ? ಪೆಟ್ರೋಲ್ ವಾಸ್ನೆಗೆ ಹೊಟ್ಟೆ ತೊಳೆಸ್ತದೆ ಅಂತ ನಾನೇ ಮೆತ್ತಿದ್ದು."

ಒಳಗೆ ಹೋದವಳು ಕಡ್ಡಿಗೆ ಸುತ್ತಿದ ಮೇಣ ತಂದು ಅವನ ಕೈಗಿಟ್ಟಳು. "ಮೊದ್ಲಿನ ಹಾಗೇ ಮೆತ್ತಿ. ಆಮೇಲೆ ದಾರೀಲಿ ಎಲ್ಲೂ ನಿಲ್ಲದ ಹಾಗೆ ಕರ್ಕೊಂಡು ಹೋಗೋದಾದ್ರೆ ಬರ್ತೀನಿ."

ಹೂವಯ್ಯ ಮೇಣ ನೋಡಿದ, ಹೆಂಡತಿಯನ್ನು ನೋಡಿದ, ಕಾರು ನೋಡಿದ. ಮೇಣ ಬೆರಳಿಗೆ ಅಂಟಿಕೊಂಡಿತು.

ಅವತ್ತು ಹಿಂದಿರುಗುವಾಗ ಕಾರು ಒಂದು ಸಲವೂ ಬಿಕ್ಕದೆ, ಯಾವ ಚೌಡಿಗೂ ನಿಲ್ಲದೆ ಓಡಿ, ಗಂಜಿಗೆ ಎಸರಿಡುವ ಹೊತ್ತಿಗೆ ಸರಿಯಾಗಿ ಹೂವಯ್ಯನೊಬ್ಬನನ್ನೇ ತೀರ್ಥಹಳ್ಳಿಗೆ ಮುಟ್ಟಿಸಿತು.